ಮ್ಯೂಸಿಯಮ್ಮಿನವರು ಮಾಡುವುದೇನು? ದಾಂಡೇಲಿ–ಜೋಯಿಡಾ ಸೀಮೆಯಿಂದ ಒಂದು ಉತ್ತರ

ಹಳಿಯಾಳ, ಮುಂಡಗೋಡ ಕಡೆಯ ಮಕ್ಕಳಿಗೆ ಹತ್ತಿರದ ಮ್ಯೂಸಿಯಂ ಅಂದರೆ ಕಿತ್ತೂರು ಕೋಟೆಯದು, ಇಲ್ಲವೇ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯದು. ಪ್ರವಾಸದ ಬಸ್ಸು ನಿಲ್ಲುತ್ತದೆ, ಮಕ್ಕಳು ಸಾಲಾಗಿ ಒಳಗೆ ಹೋಗುತ್ತಾರೆ, ಕತ್ತಿ, ವಿಗ್ರಹ, ವೀರಗಲ್ಲು ನೋಡಿ ಹೊರಗೆ ಬರುತ್ತಾರೆ. ಅಷ್ಟು ಹೊತ್ತಿನಲ್ಲಿ ಅವರ ಕಣ್ಣಿಗೆ ಬಿದ್ದ ನೌಕರರು ಇಬ್ಬರು: ಬಾಗಿಲಲ್ಲಿ ಕೂತವರು ಮತ್ತು ‘ಮುಟ್ಟಬ್ಯಾಡ್ರಿ’ ಅಂದವರು. ಒಳಗೆ ಇನ್ನೂ ಯಾರಿದ್ದಾರೆ, ಏನು ಮಾಡುತ್ತಾರೆ ಎಂದು ಮಕ್ಕಳೂ ಕೇಳುವುದಿಲ್ಲ, ಮಾಸ್ತರರೂ ಹೇಳುವುದಿಲ್ಲ. ಹಾಗಾಗಿ ಈ ಕೆಲಸದ ಬಗ್ಗೆ ತಪ್ಪು ಕಲ್ಪನೆಗಳು ತಲೆಮಾರಿನಿಂದ ತಲೆಮಾರಿಗೆ ಹಾಗೇ ನಡೆದು ಬಂದಿವೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಇವನ್ನು ಸರಿಪಡಿಸುವುದು ತುರ್ತಿನ ಕೆಲಸ ಎಂದು ನಾನು ನಂಬಿದ್ದೇನೆ. ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಸೂಪಾದಲ್ಲಿ ಸಂಸಾರ ಮಾಡಿದವರು, ಕಾಗದದ ಕಾರ್ಖಾನೆಯ ಪಾಳಿಗಳಲ್ಲಿ ಆಯುಷ್ಯ ಸವೆಸಿದವರು, ಟಿಬೆಟಿನಿಂದ ಬಂದು ಇಲ್ಲಿ ಕಾಡಂಚಿನ ನೆಲ ಹಸನು ಮಾಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮನೆಯ ಒಂದು ವಸ್ತುವನ್ನು ಅವರ ಮಾತಿನ ಸಮೇತ ಬರೆದಿಟ್ಟುಕೊಳ್ಳಬಲ್ಲವರು ಮ್ಯೂಸಿಯಂ ಕೆಲಸ ಬಲ್ಲವರು. ಮಾತು ಬಿಟ್ಟುಹೋದರೆ ಉಳಿಯುವುದು ಬರೀ ಸಾಮಾನು.

ತಪ್ಪು ಕಲ್ಪನೆ: ಮ್ಯೂಸಿಯಂ ಕೆಲಸವೆಂದರೆ ಕುರ್ಚಿಯಲ್ಲಿ ಕೂತು ಕಾಯುವುದು

ಕಾಯುವುದು ಕೆಲಸದ ಒಂದು ಪಾಲು, ಅದೂ ಕಷ್ಟದ ಪಾಲೇ. ಆದರೆ ಮ್ಯೂಸಿಯಮ್ಮಿನ ಜೀವ ಇರುವುದು ಒಳಕೋಣೆಯ ಒಂದು ದಪ್ಪ ಪುಸ್ತಕದಲ್ಲಿ. ಅಕ್ಸೆಶನ್ ರಿಜಿಸ್ಟರ್ ಎನ್ನುತ್ತಾರೆ. ವಸ್ತು ಬಂದ ಕೂಡಲೇ ಅದರಲ್ಲಿ ಏರಬೇಕು: ಏನು, ಯಾವ ಊರಿನದು, ಯಾರು ಕೊಟ್ಟರು, ದಾನವೋ ಖರೀದಿಯೋ ಎರವಲೋ, ಉದ್ದ ಎಷ್ಟು, ಅಗಲ ಎಷ್ಟು, ಎಲ್ಲಿ ಹರಿದಿದೆ, ಎಲ್ಲಿ ಹುಳ ತಿಂದಿದೆ. ಆ ಸಾಲಿಗೆ ಒಂದು ಸಂಖ್ಯೆ. ಅದೇ ಸಂಖ್ಯೆ ವಸ್ತುವಿನ ಮೇಲೂ ಇರಬೇಕು, ಯಾಕೆಂದರೆ ಸಂಖ್ಯೆ ಕಳಚಿದ ದಿನ ವಸ್ತುವಿಗೂ ಅದರ ಕಥೆಗೂ ಸಂಬಂಧ ಕಡಿದಂತೆ.

ಹಳಿಯಾಳ ತಾಲ್ಲೂಕಿನ ಸಿದ್ದಿ ಸಮುದಾಯದ ಮನೆಯೊಂದರಿಂದ ಒಂದು ಕವಂದಿ ಬಂದಿದೆ ಎಂದಿಟ್ಟುಕೊಳ್ಳಿ. ಹಳೆ ಸೀರೆ, ಲುಂಗಿ, ಅಂಗಿಯ ತುಂಡುಗಳನ್ನು ಜೋಡಿಸಿ ಕೈಯಿಂದ ಹೊಲಿದ ಹೊದಿಕೆ. ಬಯಲುಸೀಮೆಯಲ್ಲಿ ಕೌದಿ ಎನ್ನುವುದರ ಬಳಗ. ಅದನ್ನು ನೇರವಾಗಿ ಕಪಾಟಿನಲ್ಲಿ ಹಾಸುವ ಹಾಗಿಲ್ಲ. ಬಟ್ಟೆಯ ಮಡಿಕೆಯಲ್ಲಿ ಹುಳದ ಮೊಟ್ಟೆಯಿದ್ದರೆ ಪಕ್ಕದ ನೂರು ಬಟ್ಟೆ ಹಾಳು. ಅದಕ್ಕೇ ಮೊದಲು ಪಾಲಿಥಿನ್‌ನಲ್ಲಿ ಗಾಳಿಯಾಡದಂತೆ ಸುತ್ತಿ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರವೋ ಹೆಚ್ಚೋ ಇಡುತ್ತಾರೆ. ತೆಗೆದ ಮೇಲೂ ಸುತ್ತಿದ ಪಾಲಿಥಿನ್ ತಕ್ಷಣ ಬಿಚ್ಚುವುದಿಲ್ಲ. ಬಿಚ್ಚಿದರೆ ಹೊರಗಿನ ಗಾಳಿಯ ತೇವ ತಣ್ಣಗಿನ ಬಟ್ಟೆಯ ಮೇಲೆ ನೀರಾಗಿ ಕೂರುತ್ತದೆ. ಆಮೇಲೆ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಹರವಿ, ಬಲೆಯ ಮೇಲಿಂದ ಮೆಲ್ಲಗೆ ದೂಳು ಎಳೆದು, ಅಳತೆ ತೆಗೆದು, ಸಂಖ್ಯೆ ಬರೆದ ಹತ್ತಿಯ ಪಟ್ಟಿಯೊಂದನ್ನು ಹಿಂಬದಿಯ ಮೂಲೆಗೆ ನಾಲ್ಕೇ ಹೊಲಿಗೆಯಲ್ಲಿ ಕೂಡಿಸುತ್ತಾರೆ. ಗುಂಡುಸೂಜಿ ಹಾಕುವುದಿಲ್ಲ, ತುಕ್ಕು ಬಟ್ಟೆಗೆ ಇಳಿಯುತ್ತದೆ. ಹಿತ್ತಾಳೆ ಕೊಡವೋ ಮರದ ಸೇರೋ ಆಗಿದ್ದರೆ ದಾರಿ ಬೇರೆ: ಪ್ಯಾರಾಲಾಯ್ಡ್ ಬಿ–72 ಎಂಬ ಪಾರದರ್ಶಕ ರಾಳವನ್ನು ತಳದಲ್ಲಿ ತೆಳ್ಳಗೆ ಹಚ್ಚಿ, ಅದರ ಮೇಲೆ ಸಣ್ಣಕ್ಷರದಲ್ಲಿ ಸಂಖ್ಯೆ ಬರೆದು, ಮೇಲೆ ಇನ್ನೊಂದು ಲೇಪ. ಬೇಡವಾದಾಗ ಅಸಿಟೋನ್‌ನಲ್ಲಿ ಒರೆಸಿದರೆ ಹೋಗುತ್ತದೆ, ವಸ್ತುವಿಗೆ ಕಲೆಯಾಗುವುದಿಲ್ಲ.

ಇಷ್ಟಾದರೂ ಅರ್ಧ ಕೆಲಸವೇ ಮುಗಿದದ್ದು. ಉಳಿದರ್ಧ ಕೇಳುವುದು. ಯಾರು ಹೊಲಿದರು? ಯಾವ ವರ್ಷ? ಈ ನೀಲಿ ತುಂಡು ಯಾರ ಅಂಗಿ? ತೊಟ್ಟಿಲ ಕೂಸಿಗೆ ಹೊಲಿದದ್ದೋ ದೊಡ್ಡವರಿಗೋ? ಸಿದ್ದಿ ಹೆಂಗಸರು ಕವಂದಿಯನ್ನು ಅಂಚಿನಿಂದ ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಮಡಿಸಿದ ಬಟ್ಟೆಯ ಮೂರು ಮೂಲೆಯ ಹೂಗಳನ್ನು ಕೂಡಿಸುತ್ತಾರೆ. ಅದಕ್ಕೆ ‘ಫುಲಾ’ ಎನ್ನುತ್ತಾರೆ, ಅದು ಇಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಕ್ರೈಸ್ತ ಸಿದ್ದಿಗಳ ಮನೆಯದಾದರೆ ನಡುವೆ ಶಿಲುಬೆ ಕಾಣಬಹುದು, ಮುಸ್ಲಿಂ ಸಿದ್ದಿಗಳದಾದರೆ ಅರ್ಧಚಂದ್ರ. ರಿಜಿಸ್ಟರಿನಲ್ಲಿ ‘ಹಳೆಯ ಹೊದಿಕೆ, ಒಂದು’ ಎಂದು ಬರೆದು ಮುಗಿಸುವವರೂ ಸಿಗುತ್ತಾರೆ, ಇಷ್ಟನ್ನೆಲ್ಲ ಕೇಳಿ ಅರ್ಧ ಪುಟ ಬರೆಯುವವರೂ ಸಿಗುತ್ತಾರೆ. ಐವತ್ತು ವರ್ಷದ ನಂತರ ಬರುವ ಸಂಶೋಧಕಿಗೆ ಉಪಯೋಗಕ್ಕೆ ಬರುವುದು ಎರಡನೆಯವರ ಪುಟ.

ತಪ್ಪು ಕಲ್ಪನೆ: ಮ್ಯೂಸಿಯಮ್ಮಿಗೆ ಸೇರಲು ವಸ್ತು ರಾಜರ ಕಾಲದ್ದಾಗಿರಬೇಕು

ಈ ಕಲ್ಪನೆಗೆ ಕಾನೂನಿನ ಬೆಂಬಲವೂ ಇದ್ದಂತೆ ಕಾಣುತ್ತದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ವಸ್ತು ಪುರಾತನ. ಹಸ್ತಪ್ರತಿಗಾದರೆ 75 ವರ್ಷ. ಆದರೆ ಆ ಲೆಕ್ಕ ಕಳ್ಳಸಾಗಣೆ ತಡೆಯಲು ಮಾಡಿದ್ದು. ಊರಿನ ಇತಿಹಾಸ ಕೂಡಿಡುವವರು ನೂರು ವರ್ಷ ಕಾಯುತ್ತ ಕೂತರೆ ಅವರ ಕೈಗೆ ಏನೂ ಸಿಗುವುದಿಲ್ಲ.

ದಾಂಡೇಲಿಯನ್ನೇ ನೋಡಿ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದದ್ದು 1955ರಲ್ಲಿ, ಕಾಗದ ಹೊರಬಂದದ್ದು 1959ರಲ್ಲಿ. ಕಾಯ್ದೆಯ ಕಣ್ಣಿನಲ್ಲಿ ಆ ಕಾರ್ಖಾನೆಯ ಕಾರ್ಮಿಕ ಬದುಕಿನ ಒಂದು ವಸ್ತುವೂ ಪುರಾತನವಲ್ಲ. ಆದರೆ ಪಾಳಿಯ ಹಾಜರಿ ಕಾರ್ಡು, ಕ್ಯಾಂಟೀನಿನ ಟೋಕನ್, ಕೂಲಿಯವರ ಮಚ್ಚು, ನಾಟಾ ಡಿಪೋದಲ್ಲಿ ಸಾಗವಾನಿ ದಿಮ್ಮಿಗೆ ಗುರುತು ಒತ್ತುವ ಕಬ್ಬಿಣದ ಸುತ್ತಿಗೆ, ಇವುಗಳನ್ನು ಬಿಟ್ಟು ದಾಂಡೇಲಿಯ ಇತಿಹಾಸ ಹೇಳುವುದು ಹೇಗೆ? ಇದೇ ಕಾಡಿನ ಬಿದಿರು ಒಂದು ಕಡೆ ಕಾರ್ಖಾನೆಗೆ ಹೋಗಿ ಕಾಗದವಾಯಿತು, ಇನ್ನೊಂದು ಕಡೆ ಮೇದಾರರ ಕೈಯಲ್ಲಿ ಬುಟ್ಟಿ, ಮೊರ, ತಟ್ಟಿಯಾಯಿತು. ಬಿದಿರು ಕಡಿಮೆಯಾಗುತ್ತಿದೆ ಎಂಬ ಮೇದಾರರ ದೂರಿನ ಹಿನ್ನೆಲೆಯಲ್ಲಿಯೇ 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಉತ್ತರ ಕನ್ನಡದ ಬಿದಿರಿನ ಅಧ್ಯಯನಕ್ಕೆ ಇಳಿದದ್ದು. ಒಬ್ಬ ಮೇದಾರನ ಮೊರವನ್ನೂ ಒಂದು ರೀಮು ಕಾಗದವನ್ನೂ ಅಕ್ಕಪಕ್ಕ ಇಟ್ಟು, ಎರಡರ ಕೆಳಗೂ ನೇರವಾದ ನಾಲ್ಕು ಸಾಲು ಬರೆಯುವ ಕ್ಯುರೇಟರ್ ನಮಗೆ ಬೇಕು.

ಕರ್ನಾಟಕದಲ್ಲಿ ಈ ದಾರಿ ಹೊಸದಲ್ಲ. ಬೆಂಗಳೂರು ಬಳಿಯ ರಾಮನಗರದ ಜಾನಪದ ಲೋಕದಲ್ಲಿ ಒನಕೆ, ಮೀನಿನ ಬುಟ್ಟಿ, ನೇಗಿಲುಗಳಿಗೆ ಸಿಂಹಾಸನದ ಮರ್ಯಾದೆ ಸಿಕ್ಕಿದೆ.

ತಪ್ಪು ಕಲ್ಪನೆ: ತಿಕ್ಕಿ ತೊಳೆದು ಹೊಳಪು ತರುವುದೇ ಸಂರಕ್ಷಣೆ

ಮನೆಯಲ್ಲಿ ಹಬ್ಬದ ಹಿಂದಿನ ದಿನ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚುತ್ತೇವೆ, ಅದು ಸರಿ. ತಾಮ್ರಪಟಕ್ಕೆ ಹಚ್ಚಿದರೆ ಅಕ್ಷರ ಸವೆಯುತ್ತದೆ. ಶತಮಾನಗಳಲ್ಲಿ ಲೋಹದ ಮೇಲೆ ಕೂತ ಕಂದುಹಸಿರು ಪದರ ಹಲವು ಸಲ ಒಳಗಿನ ಲೋಹವನ್ನು ಕಾಯುತ್ತಿರುತ್ತದೆ. ಅದು ಕಾಯುವ ಪದರವೋ ಕೊರೆಯುವ ರೋಗವೋ ಎಂದು ಗುರುತಿಸುವುದೇ ಸಂರಕ್ಷಕರ ವಿದ್ಯೆ. ಹಸಿರು ಪುಡಿ ಉದುರುತ್ತಿದ್ದರೆ ರೋಗ, ಗಟ್ಟಿಯಾಗಿ ಕೂತಿದ್ದರೆ ಮುಟ್ಟದಿರುವುದು ಒಳ್ಳೆಯದು. ಇಂಥ ಕೆಲಸ ಕಲಿಸಲು ಲಖನೌದಲ್ಲಿ ರಾಷ್ಟ್ರೀಯ ಪ್ರಯೋಗಾಲಯವಿದೆ, ಅದರ ದಕ್ಷಿಣದ ಶಾಖೆ ನಮ್ಮ ಮೈಸೂರಿನಲ್ಲೇ ಇದೆ.

ಕಲ್ಲಿನ ಪಾಡು ಇನ್ನೂ ಕಷ್ಟದ್ದು. ಊರ ಮುಂದಿನ ವೀರಗಲ್ಲಿಗೆ ಭಕ್ತಿಯಿಂದಲೇ ಸುಣ್ಣ ಬಳಿಯುತ್ತಾರೆ, ಜಾತ್ರೆಗೆ ಬಣ್ಣದ ಡಬ್ಬಿ ತಂದು ವೀರನ ಮೀಸೆಗೆ ಕಪ್ಪು, ಕುದುರೆಗೆ ಬಿಳಿ ತುಂಬುತ್ತಾರೆ. ಎಣ್ಣೆಬಣ್ಣ ಕಲ್ಲಿನ ರಂಧ್ರ ಮುಚ್ಚುತ್ತದೆ, ಒಳಗಿನ ತೇವ ಹೊರಬರಲಾಗದೆ ಮೇಲ್ಪದರವೇ ಚಕ್ಕೆಯಾಗಿ ಏಳುತ್ತದೆ. ಅದನ್ನು ಕೀಳಲು ತಂತಿಯ ಬ್ರಷ್ಷು, ಆಸಿಡ್ಡು ತಂದರೆ ಶಾಸನವೂ ಹೋಯಿತು.

ಶಾಸನ ಓದುವವರು ಕಲ್ಲಿಗೆ ಏನು ಮಾಡುತ್ತಾರೆ ನೋಡಿ. ಬರೀ ನೀರು ಮತ್ತು ಮೆತ್ತನೆ ಬ್ರಷ್ಷಿನಿಂದ ತೊಳೆಯುತ್ತಾರೆ. ಒದ್ದೆ ಮಾಡಿದ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಒಂದೇ ಹದದಲ್ಲಿ ಬಡಿಯುತ್ತಾ ಹೋಗುತ್ತಾರೆ. ಕಾಗದ ಅಕ್ಷರದ ತಗ್ಗಿನೊಳಗೆ ಇಳಿದು ಕೂರುತ್ತದೆ. ಆಮೇಲೆ ಬಟ್ಟೆಯ ಉಂಡೆಗೆ ಮಸಿ ತಾಗಿಸಿ ಮೇಲೆ ಮೇಲೆ ಒತ್ತಿದರೆ ಉಬ್ಬು ಜಾಗ ಕಪ್ಪಾಗಿ, ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ಒಣಗಿದ ಮೇಲೆ ಹಾಳೆ ಬಿಡಿಸಿಕೊಂಡರೆ ಪಡಿಯಚ್ಚು ಸಿದ್ಧ; ಕಲ್ಲಿಗೆ ಒಂದು ಗೀರೂ ಬಿದ್ದಿರುವುದಿಲ್ಲ. ಬಡಿತ ಜೋರಾದರೆ ಕಾಗದ ಹರಿಯುತ್ತದೆ, ಮೆತ್ತಗಾದರೆ ‘ಪ’ ಯಾವುದು ‘ಷ’ ಯಾವುದು ತಿಳಿಯುವುದಿಲ್ಲ. ಈ ಹದ ಪುಸ್ತಕ ಓದಿ ಬರುವುದಿಲ್ಲ, ಬಿಸಿಲಲ್ಲಿ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತೇ ಬರಬೇಕು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿದ್ದು 1939ರಲ್ಲಿ, ಆಗಿನ ಮುಂಬಯಿ ಸರ್ಕಾರದಿಂದ. ಅದರ ನಿರ್ದೇಶಕರಾಗಿದ್ದ ಆರ್. ಎಸ್. ಪಂಚಮುಖಿಯವರ ಕಾಲದಿಂದ ಅಲ್ಲಿಂದ ಹೊರಬಂದ ಶಾಸನ ಸಂಪುಟಗಳ ಹಿಂದೆ ಇಂಥ ಎಷ್ಟೋ ಮಧ್ಯಾಹ್ನಗಳ ದುಡಿಮೆಯಿದೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಕ್ಕಿಂತ ದೊಡ್ಡ ವೈರಿ ಮಳೆಗಾಲ. ಕ್ಯಾಸಲ್‌ರಾಕ್, ಅಣಶಿಯ ಕಡೆ ಸುರಿಯುವ ಮಳೆ ಪೂರ್ವಕ್ಕೆ ಹೋದಂತೆ ಇಳಿದು, ಮುಂಡಗೋಡ ಮುಟ್ಟುವ ಹೊತ್ತಿಗೆ ಅರೆಮಲೆನಾಡಿನ ಹದಕ್ಕೆ ಬರುತ್ತದೆ. ಅಂದರೆ ಜೋಯಿಡಾದಲ್ಲಿ ಕಾಗದ ಕಾಯುವ ಕ್ರಮ ಬೇರೆ, ಮುಂಡಗೋಡದಲ್ಲಿ ಬೇರೆ. ಜೂನ್ ಬಂದರೆ ಕಪಾಟಿನೊಳಗೆ ಸಿಲಿಕಾ ಜೆಲ್ ಬದಲಾಯಿಸಬೇಕು, ಗೋಡೆಗೆ ತಾಗಿದ ಪೆಟ್ಟಿಗೆಗಳನ್ನು ಒಂದು ಗೇಣು ಈಚೆಗೆ ಸರಿಸಬೇಕು, ವಾರಕ್ಕೊಮ್ಮೆ ಗೆದ್ದಲಿನ ದಾರಿ ಹುಡುಕಬೇಕು. ತಾಳೆಗರಿಯ ಕಟ್ಟುಗಳಿಗೆ ಮಜ್ಜಿಗೆಹುಲ್ಲಿನ ಜಾತಿಯ ಎಣ್ಣೆ ಸವರಿ, ಅಕ್ಷರ ಮಸುಕಾಗಿದ್ದರೆ ದೀಪದ ಕಾಡಿಗೆ ಉಜ್ಜಿ ಒರೆಸಬೇಕು. ಇದನ್ನು ನೋಡಲು ಯಾವ ಪ್ರೇಕ್ಷಕನೂ ಟಿಕೆಟ್ ಕೊಳ್ಳುವುದಿಲ್ಲ. ಒಂದು ಮಳೆಗಾಲ ಇದು ತಪ್ಪಿದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ತಪ್ಪು ಕಲ್ಪನೆ: ‘ಮುಟ್ಟಬ್ಯಾಡ್ರಿ’ ಅನ್ನುವವರು ಸಿಡುಕರು

ಬೆರಳಿನ ಬೆವರಿನಲ್ಲಿ ಉಪ್ಪಿದೆ, ಎಣ್ಣೆಯಿದೆ. ಒಬ್ಬರು ಮುಟ್ಟಿದರೆ ಏನೂ ಕಾಣುವುದಿಲ್ಲ, ದಿನಾ ನೂರು ಮಂದಿ ಒಂದೇ ಕಡೆ ಮುಟ್ಟಿದರೆ ಕತ್ತಿಗೆ ತುಕ್ಕು, ಕಲ್ಲಿಗೆ ಜಿಡ್ಡು. ಅಟೆಂಡರ್ ಅದನ್ನು ಕಂಡವರು.

ತಪ್ಪು ಕಲ್ಪನೆ: ಮ್ಯೂಸಿಯಮ್ಮಿನವರಿಗೆ ತಿಳಿಸಿದರೆ ಊರಿನ ವಸ್ತು ಒಯ್ದುಬಿಡುತ್ತಾರೆ

ಈ ಭಯಕ್ಕೆ ಕಾರಣವಿಲ್ಲದಿಲ್ಲ. ವಸಾಹತು ಕಾಲದಲ್ಲಿ ಹೋದ ಎಷ್ಟೋ ವಸ್ತು ಮರಳಿ ಬರಲಿಲ್ಲ. ಆದರೆ ಇಂದು ಹೆಚ್ಚಿನ ಹಾನಿ ಮಾಡುತ್ತಿರುವವರು ನಿಧಿಯ ಆಸೆಗೆ ರಾತ್ರಿ ಗುದ್ದಲಿ ಹಿಡಿದು ಬರುವವರು. ಹಾಳು ಗುಡಿಯ ಲಿಂಗದ ಬುಡ, ವೀರಗಲ್ಲಿನ ಬುಡ ಅಗೆದು, ಏನೂ ಸಿಗದೆ ಕಲ್ಲನ್ನು ಒಡೆದು ಹೋಗುತ್ತಾರೆ. ಹಳಿಯಾಳಕ್ಕೆ ದೂರವಲ್ಲದ ಹಲಸಿ ಕದಂಬರ ಎರಡನೆಯ ರಾಜಧಾನಿಯಂತಿದ್ದ ಊರು. ಅಲ್ಲಿ ಸಿಕ್ಕ ತಾಮ್ರಪಟಗಳಿಂದ ಕದಂಬ ದೊರೆಗಳ ವಂಶಾವಳಿಯ ಎಷ್ಟೋ ಕೊಂಡಿಗಳು ಕೂಡಿಕೊಂಡವು. ತೂಕಕ್ಕೆ ಮಾರಿದ್ದರೆ ಅವು ತಾಮ್ರದ ತಗಡು, ಅಷ್ಟೇ. ಅವುಗಳ ಬೆಲೆಯೆಲ್ಲ ಅಕ್ಷರದಲ್ಲಿದೆ, ಸಿಕ್ಕ ಜಾಗದಲ್ಲಿದೆ.

ಪೂಜೆಯಲ್ಲಿರುವ ಮೂರ್ತಿಯನ್ನು ಎತ್ತಿ ತರಬೇಕೆಂದು ಒಳ್ಳೆಯ ಮ್ಯೂಸಿಯಂ ನೌಕರರು ಬಯಸುವುದಿಲ್ಲ. ಇದ್ದಲ್ಲೇ ಅಳೆದು, ಫೋಟೋ ತೆಗೆದು, ಸುತ್ತಲಿನವರ ಹೇಳಿಕೆ ಬರೆದುಕೊಂಡು ಹೋಗುವುದು ಅವರಿಗೂ ಸುಲಭ, ಊರಿಗೂ ಒಳ್ಳೆಯದು. ಮುಂದೆ ಎಂದಾದರೂ ಆ ಮೂರ್ತಿ ಕಳುವಾದರೆ, ಇದು ನಮ್ಮೂರಿನದೇ ಎಂದು ಸಾಧಿಸಲು ಪೊಲೀಸರ ಮುಂದೆ ಇಡಬಹುದಾದ ದಾಖಲೆ ಅದೊಂದೇ ಆಗಿರಬಹುದು.

ಕಲ್ಲನ್ನು ಸ್ಥಳಾಂತರಿಸಲೇಬೇಕಾದಾಗಲೂ ಜಾಗದ ಹೆಸರು ಜೊತೆಗೇ ಬರಬೇಕು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಾಸನವಿದೆ, ಸುಮಾರು 950ರದು. ಕಾಳಿ ಎಂಬ ಬೇಟೆನಾಯಿ ಹಂದಿಯ ಮೇಲೆ ಬಿದ್ದು, ಎರಡೂ ಸತ್ತ ಕಥೆ ಅದರಲ್ಲಿದೆ. ಆ ನಾಯಿಯ ನೆನಪಿಗೆ ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಊರಿನ ಹೆಸರು ಕಳೆದುಕೊಂಡು ‘ನಾಯಿ–ಹಂದಿ ಶಿಲ್ಪ’ ಎಂಬ ಲೇಬಲ್ಲಿನಡಿ ಅದು ನಿಂತಿದ್ದರೆ, ನಮ್ಮ ಪಾಲಿಗೆ ಉಳಿಯುತ್ತಿದ್ದುದು ಬೇಟೆಯ ಒಂದು ಚಿತ್ರ.

ತಪ್ಪು ಕಲ್ಪನೆ: ಬುಡಕಟ್ಟಿನವರ ಗೊಂಬೆ ನಿಲ್ಲಿಸಿದರೆ ಅವರ ಇತಿಹಾಸ ಹೇಳಿದಂತಾಯಿತು

ಸಿಮೆಂಟಿನ ಸಿದ್ದಿ, ಸಿಮೆಂಟಿನ ಕುಣಬಿ, ಸಿಮೆಂಟಿನ ಗೌಳಿ, ಪಕ್ಕದಲ್ಲಿ ಗುಡಿಸಲು. ಕೆಳಗೆ ಎರಡು ಸಾಲು: ಇವರು ಕಾಡಿನಲ್ಲಿ ವಾಸಿಸುತ್ತಾರೆ, ಕುಣಿಯುತ್ತಾರೆ. ಇದನ್ನು ನೋಡಿ ಬರುವ ಮಗುವಿಗೆ ಇವರು ಮೊನ್ನೆವರೆಗೂ ಹೀಗೇ ಇದ್ದರು, ಇವರಿಗೆ ಹೇಳಿಕೊಳ್ಳುವಂಥ ಕಾಲವೇ ಇರಲಿಲ್ಲ ಅನ್ನಿಸುತ್ತದೆ. ಈ ತಪ್ಪಿನಷ್ಟು ನನ್ನನ್ನು ನೋಯಿಸುವ ತಪ್ಪು ಇನ್ನೊಂದಿಲ್ಲ.

ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು. ಪೋರ್ಚುಗೀಸರ ಗೋವೆಯಿಂದ ಗುಲಾಮಗಿರಿ ತಪ್ಪಿಸಿಕೊಂಡು ಈ ಕಾಡಿಗೆ ಸೇರಿದವರ ಕಥೆ ಎಲ್ಲರಿಗೂ ಗೊತ್ತು. ಅದೇ ಆಫ್ರಿಕಾದ ಕುಡಿಗಳು ದಖ್ಖನಿನಲ್ಲಿ ದಂಡು ನಡೆಸಿದರು, ಮಲಿಕ್ ಅಂಬರ್ ಅಹಮದನಗರದ ರಾಜ್ಯಭಾರವನ್ನೇ ಹೊತ್ತರು, ಜಂಜೀರಾದ ಕೋಟೆಯನ್ನು ಸಿದ್ದಿಗಳು ಆಳಿದರು ಎಂಬುದು ಅದೇ ಫಲಕದಲ್ಲಿ ಇರಬೇಡವೇ? ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾಗಳಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಸಿದ್ದಿಗಳಿದ್ದಾರೆ. ಕೊಂಕಣಿ, ಮರಾಠಿ, ಕನ್ನಡ, ಉರ್ದು ಅವರ ಬಾಯಲ್ಲಿ ಬೆರೆತಿವೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಬಂದರು, ಆ ಸಮುದಾಯದಿಂದ ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲಿಗರು ಅವರು. ಗೊಂಬೆಗೆ ಇದ್ಯಾವುದನ್ನೂ ಹೇಳಲು ಬರುವುದಿಲ್ಲ.

ಜೋಯಿಡಾದ ಕುಣಬಿಗಳ ವಿಷಯದಲ್ಲಿ ಮ್ಯೂಸಿಯಂ ಎಂಬ ಕಟ್ಟಡವೇ ಸಾಲದಾಗುತ್ತದೆ. ಅವರ ದೊಡ್ಡ ಆಸ್ತಿ ಗಡ್ಡೆಗೆಣಸು. ಹಿತ್ತಲಿನಲ್ಲಿ, ಕಾಡಂಚಿನಲ್ಲಿ ಬೆಳೆಸಿಕೊಂಡು ಬಂದ ಹತ್ತಾರು ಬಗೆ. ಜೋಯಿಡಾದಲ್ಲಿ ಗಡ್ಡೆಗೆಣಸಿನ ಮೇಳ ನಡೆದಾಗ ಹೆಂಗಸರು ಬುಟ್ಟಿಗಟ್ಟಲೆ ತಂದು ಸಾಲಾಗಿ ಹರವುತ್ತಾರೆ. ಗಡ್ಡೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ತಿಂಗಳಲ್ಲಿ ಕೊಳೆಯುತ್ತದೆ. ಅದು ಉಳಿಯುವುದು ಪ್ರತಿ ಮಳೆಗಾಲ ಯಾರೋ ನೆಟ್ಟರೆ ಮಾತ್ರ. ಯಾವ ಗಡ್ಡೆ ಎಷ್ಟು ತಿಂಗಳಿಗೆ ಕೀಳಬೇಕು, ಯಾವುದನ್ನು ಬೂದಿಯಲ್ಲಿ ಸುಡಬೇಕು, ಯಾವುದು ತುರಿಸುತ್ತದೆ ಎಂದು ಬಲ್ಲ ಆ ಹೆಂಗಸರನ್ನೇ ಕ್ಯುರೇಟರುಗಳೆಂದು ಕರೆದು, ಪಗಾರ ಕೊಟ್ಟು, ಮ್ಯೂಸಿಯಮ್ಮಿನ ಹಿಂದೆ ಎರಡು ಗುಂಟೆ ನೆಲ ಬಿಟ್ಟುಕೊಡಬೇಕು. ಇದು ಆಗದ ಮಾತೇನಲ್ಲ.

ತಪ್ಪು ಕಲ್ಪನೆ: ವಲಸೆ ಬಂದವರದು ಸ್ಥಳೀಯ ಇತಿಹಾಸವಲ್ಲ

ಹಾಗೆಂದರೆ ಈ ಸೀಮೆಯಲ್ಲಿ ಬಹಳ ಕಡಿಮೆ ಜನ ಉಳಿಯುತ್ತಾರೆ. ಗೌಳಿಗಳು ಎಮ್ಮೆ ಹೊಡೆದುಕೊಂಡು ಮಹಾರಾಷ್ಟ್ರದ ಘಟ್ಟಗಳ ಕಡೆಯಿಂದ ಬಂದರು. ದಾಂಡೇಲಿಗೆ ಕೆಲಸ ಅರಸಿ ಹಲವು ರಾಜ್ಯಗಳವರು ಬಂದರು. ಮುಂಡಗೋಡದ ಟಿಬೆಟನ್ ವಸತಿ ಶುರುವಾದದ್ದು 1966ರಲ್ಲಿ.

ಮುಂಡಗೋಡದಲ್ಲಿರುವ ಗಾಂದೆನ್ ಮಠದ ಮೂಲ 1409ರದು, ಡ್ರೆಪುಂಗ್ ಮಠದ್ದು 1416ರದು. ಎರಡೂ ಲ್ಹಾಸಾದ ಹತ್ತಿರ ಹುಟ್ಟಿದವು. 1959ರ ನಂತರ ಭಾರತಕ್ಕೆ ಬಂದ ಭಿಕ್ಷುಗಳು ಬಂಗಾಳದ ಬಕ್ಸಾದ ಶಿಬಿರದಲ್ಲಿ ವರ್ಷಗಟ್ಟಲೆ ಕಳೆದು, ಆಮೇಲೆ ಇಲ್ಲಿ ಮಠಗಳನ್ನು ಮತ್ತೆ ಹೊಸದಾಗಿ ಕಟ್ಟಿದರು. ಅವರ ಗ್ರಂಥಗಳು ಉದ್ದನೆಯ ಬಿಡಿ ಹಾಳೆಗಳು, ಮೇಲೆ ಕೆಳಗೆ ಹಲಗೆ, ಸುತ್ತ ಬಟ್ಟೆ. ನಮ್ಮ ತಾಳೆಗರಿ ಕಟ್ಟನ್ನು ಬಿಚ್ಚಿ ಕಟ್ಟಿ ಅಭ್ಯಾಸವಿರುವ ಧಾರವಾಡದ ನೌಕರರಿಗೆ ಆ ಆಕಾರ ಕಂಡರೆ ಪರಿಚಯದ ನಗು ಬರುತ್ತದೆ, ಯಾಕೆಂದರೆ ಟಿಬೆಟಿನ ಗ್ರಂಥದ ಆ ಆಕಾರ ಭಾರತದ ತಾಳೆಗರಿಯಿಂದಲೇ ಹೋದದ್ದು. ಆದರೆ ಮುಟ್ಟುವ ಮುನ್ನ ಕೇಳಬೇಕಾದ್ದು ಬಹಳವಿದೆ. ಗ್ರಂಥವನ್ನು ನೆಲದ ಮೇಲೆ ಇಡುವಂತಿಲ್ಲ, ದಾಟುವಂತಿಲ್ಲ. ಥಾಂಗ್ಕಾ ಚಿತ್ರ ಬರೀ ಚಿತ್ರವಲ್ಲ, ಪೂಜೆಗೊಂಡ ವಸ್ತು. ಯಾರು ಬಿಚ್ಚಬಹುದು, ಯಾವ ಎತ್ತರದಲ್ಲಿ ತೂಗಬೇಕು ಎಂಬುದನ್ನು ಆ ಮಠದವರಿಂದ ಕಲಿತು ನಡೆಯುವುದು ಮ್ಯೂಸಿಯಂ ಕೆಲಸದ ಭಾಗವೇ.

ತಪ್ಪು ಕಲ್ಪನೆ: ಹಳೆಯ ದಾಖಲೆಯೆಲ್ಲ ತಾಲ್ಲೂಕು ಕಚೇರಿಯಲ್ಲೇ ಇದೆ

ಟಿಪ್ಪು ಬಿದ್ದ ಮೇಲೆ ಕೆನರಾ ಮದರಾಸಿನ ಆಡಳಿತಕ್ಕೆ ಹೋಯಿತು. 1862ರಲ್ಲಿ ಉತ್ತರ ಕೆನರಾವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂತು. ಹೀಗಾಗಿ ಹಳಿಯಾಳದ ಒಂದು ಕೆರೆಯ, ಸೂಪಾದ ಒಂದು ಕಾಡಿನ ಕಾಗದ ಹುಡುಕುವವರು ಚೆನ್ನೈ, ಮುಂಬೈ, ಬೆಂಗಳೂರು ಮೂರೂ ಕಡೆಯ ಪತ್ರಾಗಾರಗಳ ಮೆಟ್ಟಿಲು ಹತ್ತಬೇಕು. ಮುಂಬಯಿ ಸೀಮೆಯ ಹಳೆ ಕಡತಗಳಲ್ಲಿ ಮೋಡಿ ಲಿಪಿ ಎದುರಾಗುತ್ತದೆ. ಅದನ್ನು ಸರಾಗ ಓದಬಲ್ಲವರು ಈಗ ಬೆರಳೆಣಿಕೆ. 1800ರಲ್ಲಿ ಬಂಡಾಯಗಾರ ಧೋಂಡಿಯಾ ವಾಘ್‌ನ ಬೆನ್ನಟ್ಟಿದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಹಳಿಯಾಳ ಮತ್ತೆ ಮತ್ತೆ ಬರುತ್ತದೆ, ಗುರುತು ಸಿಗದ ಕಾಗುಣಿತದಲ್ಲಿ. ಅಲ್ಲಿನ ಕೋಟೆಯ ಹಾಳುಗೋಡೆಯ ಎದುರು ನಿಂತು ಹತ್ತು ನಿಮಿಷ ಮಾತಾಡುವ ಗೈಡ್ ಇಷ್ಟೆಲ್ಲ ಅಲೆದಾಟದ ಫಲವನ್ನು ಹೇಳುತ್ತಿರಬೇಕು.

ಗೈಡ್‌ಗಳ ವಿಷಯ ಬಂದದ್ದರಿಂದ ಒಂದು ಮಾತು. ದಾಂಡೇಲಿಯ ಹೆಸರು ದಂಡಕಾರಣ್ಯದಿಂದ ಬಂತು ಎಂದು ಕೆಲವರು, ಸ್ಥಳದ ದೈವ ದಾಂಡೇಲಪ್ಪನಿಂದ ಬಂತು ಎಂದು ಕೆಲವರು ಹೇಳುತ್ತಾರೆ. ಕಲ್ಯಾಣದ ಕ್ರಾಂತಿಯ ನಂತರ ಚನ್ನಬಸವಣ್ಣನವರು ಉಳವಿಗೆ ಬಂದು ಐಕ್ಯರಾದರು ಎಂಬುದು ಲಕ್ಷಾಂತರ ಜನರ ಶ್ರದ್ಧೆ. ಒಳ್ಳೆಯ ಗೈಡ್ ಇದಾವುದನ್ನೂ ಅಲ್ಲಗಳೆಯುವುದಿಲ್ಲ. ‘ಹೀಗೆ ಹೇಳತಾರ್ರಿ’ ಎಂದು ಹೇಳಬೇಕಾದಲ್ಲಿ ಹಾಗೆ, ‘ಶಾಸನದಾಗ ಹೀಗೈತ್ರಿ’ ಎಂದು ಹೇಳಬೇಕಾದಲ್ಲಿ ಹಾಗೆ ಹೇಳುತ್ತಾರೆ.

ತಪ್ಪು ಕಲ್ಪನೆ: ಇದು ಪದವಿ ಪಡೆದವರ ಕೆಲಸ, ಉಳಿದವರು ಬರೀ ಸಹಾಯಕರು

ಪದವಿ ಬೇಕು, ತರಬೇತಿಯೂ ಬೇಕು. ಆದರೆ ನಮ್ಮ ನಾಡಿನ ಅನುಭವ ಇನ್ನಷ್ಟನ್ನು ಹೇಳುತ್ತದೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ಒಂದು ತಾಳೆಗರಿ ಕಟ್ಟು ಬಂತು. ಅವರು ಅದನ್ನು ಪಟ್ಟಿಗೆ ಸೇರಿಸಿ ಕಪಾಟಿಗೆ ಹಾಕಿ ಸುಮ್ಮನಾಗಬಹುದಿತ್ತು. ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅಚ್ಚಾಯಿತು. ಜಾನಪದ ಲೋಕ ಕಟ್ಟಿದ ಎಚ್. ಎಲ್. ನಾಗೇಗೌಡರು ಐಎಎಸ್ ಅಧಿಕಾರಿ. ಬೀಳುತ್ತಿದ್ದ ಮನೆಗಳನ್ನು ಕಂಬ ಕಂಬ ಬಿಡಿಸಿ ತಂದು ಮಣಿಪಾಲದಲ್ಲಿ ನಿಲ್ಲಿಸಿದ ವಿಜಯನಾಥ ಶೆಣೈ ಬ್ಯಾಂಕಿನಲ್ಲಿದ್ದವರು. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯಕ್ಕೆ ಹಳ್ಳಿ ಹಳ್ಳಿ ಅಲೆದ ಪಿ. ಆರ್. ತಿಪ್ಪೇಸ್ವಾಮಿ ಚಿತ್ರ ಕಲಾವಿದರು.

ಇವರ ಹೆಸರು ಉಳಿದಿದೆ. ಉಳಿಯದವರೂ ಇದ್ದಾರೆ: ಎರಡು ಟನ್ನಿನ ಕಲ್ಲನ್ನು ಗಳ, ಹಗ್ಗ, ಸನಿಕೆ ಹಾಕಿ ಮೂಲೆ ಒಡೆಯದಂತೆ ನಿಲ್ಲಿಸುವವರು, ಮುರಿದ ತೊಟ್ಟಿಲಿಗೆ ಅದೇ ಜಾತಿಯ ಮರ ಹುಡುಕಿ ಕೀಲು ಮಾಡುವ ಬಡಗಿ, ಇಪ್ಪತ್ತು ವರ್ಷ ದಿನಾ ಕಸ ಗುಡಿಸುತ್ತ ಯಾವ ಗೋಡೆ ಎಂದು ಬೆವರುತ್ತದೆ ಎಂದು ತಿಳಿದುಕೊಂಡ ಹೆಣ್ಣುಮಗಳು. ಗುತ್ತಿಗೆಯ ಮೇಲೆ ಹನ್ನೊಂದು ತಿಂಗಳಿಗೊಮ್ಮೆ ಜನ ಬದಲಾಯಿಸಿದರೆ ಈ ತಿಳಿವಳಿಕೆ ಅವರ ಜೊತೆಗೇ ಗೇಟು ದಾಟುತ್ತದೆ. ಅವರ ಕೆಲಸವನ್ನು ಕಾಯಂ ಮಾಡುವುದು ವಸ್ತುಗಳ ಸಂರಕ್ಷಣೆಯ ಖರ್ಚೇ ಎಂದು ತಿಳಿಯಬೇಕು.

ತಪ್ಪು ಕಲ್ಪನೆ: ಸೂಪಾ ಮುಳುಗಿಹೋಯಿತು, ಇನ್ನು ಕೂಡಿಡಲು ಏನಿದೆ?

ಕಾಳಿಗೆ ಪಾಂಡರಿ ಬಂದು ಸೇರುವಲ್ಲಿ ಇದ್ದ ಸೂಪಾ ಒಂದು ಕಾಲಕ್ಕೆ ತಾಲ್ಲೂಕಿನ ಮುಖ್ಯ ಊರು. ಕಾಳಿ ವಿದ್ಯುತ್ ಯೋಜನೆಗಾಗಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು, 1987ರಲ್ಲಿ ಮುಗಿಯಿತು. ಊರು ನೀರಿನಡಿ ಹೋಯಿತು, ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು, ಎಷ್ಟೋ ಕುಟುಂಬಗಳು ಅದೇ ತಾಲ್ಲೂಕಿನ ರಾಮನಗರಕ್ಕೆ ಹೋಗಿ ನೆಲೆಸಿದವು.

ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆಯಿತ್ತು. 1966ರಲ್ಲಿ ಅದನ್ನು ಬಿಳಿಯರಿಗೆ ಮಾತ್ರ ಎಂದು ಸಾರಿ, ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿ, ಮನೆಗಳನ್ನು ಕೆಡವಿದರು. 1994ರಲ್ಲಿ ಅಲ್ಲಿನ ಹಳೆಯ ಚರ್ಚೊಂದರಲ್ಲಿ ಮ್ಯೂಸಿಯಂ ತೆರೆದಾಗ ಮನೆಗಳೇ ಇರಲಿಲ್ಲ. ನೆಲದ ತುಂಬ ಬಡಾವಣೆಯ ದೊಡ್ಡ ನಕ್ಷೆ ಹಾಸಿದರು. ಹಳೆಯ ನಿವಾಸಿಗಳು ಬಂದು ಬಗ್ಗಿ, ತಮ್ಮ ಮನೆ ಇದ್ದ ಜಾಗದಲ್ಲಿ ತಮ್ಮ ಹೆಸರು ಬರೆದರು. ಕೆಡವುವ ಕೆಲಸದ ಮೇಲ್ವಿಚಾರಕನೇ ಬೀದಿಯ ಹೆಸರಿನ ಫಲಕಗಳನ್ನು ಬಿಸಾಡದೆ ಮನೆಯಲ್ಲಿ ಇಟ್ಟುಕೊಂಡಿದ್ದ. ಅವೂ ಬಂದು ತೂಗಿದವು. ಎಬ್ಬಿಸಲ್ಪಟ್ಟವರಲ್ಲೇ ಕೆಲವರು ಆ ಮ್ಯೂಸಿಯಮ್ಮಿನ ಗೈಡ್‌ಗಳಾದರು.

ಕಾರಣ ಬೇರೆ, ನಾಡು ಬೇರೆ; ಕೆಲಸದ ದಾರಿ ಮಾತ್ರ ಸೂಪಾಕ್ಕೂ ಒಪ್ಪುತ್ತದೆ. ಭೂಸ್ವಾಧೀನದ ಕಾಲದ ಸರ್ವೆ ನಕ್ಷೆಯನ್ನು ದೊಡ್ಡದು ಮಾಡಿಸಿ ಒಂದು ಶಾಲೆಯ ಅಂಗಳದಲ್ಲಿ ಹರವಬೇಕು. ರಾಮನಗರ, ಜೋಯಿಡಾ, ದಾಂಡೇಲಿಗಳಿಂದ ಹಿರಿಯರನ್ನು ಕರೆಸಿ, ಮನೆ, ಗುಡಿ, ಮಸೀದಿ, ಸಂತೆಯ ಕಟ್ಟೆ, ಬಾವಿ ಎಲ್ಲೆಲ್ಲಿದ್ದವು ಎಂದು ಗುರುತು ಹಾಕಿಸಬೇಕು. ಪ್ರತಿ ಗುರುತಿಗೆ ಒಂದು ಸಂಖ್ಯೆ, ಪ್ರತಿ ಸಂಖ್ಯೆಗೆ ಅವರದೇ ದನಿಯ ಒಂದು ರೆಕಾರ್ಡಿಂಗ್, ರಿಜಿಸ್ಟರಿನಲ್ಲಿ ಹೇಳಿದವರ ಹೆಸರು, ವಯಸ್ಸು, ಅವರ ಒಪ್ಪಿಗೆಯ ಸಹಿ. ಇಬ್ಬರು ಒಂದೇ ಬಾವಿಯನ್ನು ಎರಡು ಕಡೆ ತೋರಿಸಿದರೆ ಎರಡನ್ನೂ ಬರೆದುಕೊಳ್ಳಬೇಕು. ಮನೆ ಬಿಡುವಾಗ ಕಿತ್ತು ತಂದ ಬಾಗಿಲು, ಕಿಟಕಿ, ಒರಳುಕಲ್ಲು ಯಾರ ಮನೆಯಲ್ಲಿ ಈಗಲೂ ಬಳಕೆಯಲ್ಲಿವೆ ಎಂಬುದನ್ನು ಬರೆದುಕೊಂಡು, ಅವನ್ನು ಅಲ್ಲೇ ಬಿಟ್ಟು, ಫೋಟೋ ಮತ್ತು ಅಳತೆ ಮಾತ್ರ ತರಬೇಕು. ಇದಕ್ಕೆ ಕಟ್ಟಡ ಬೇಡ. ತರಬೇತಾದ ಇಬ್ಬರು ಮೂವರು ನೌಕರರು, ಕೊಂಕಣಿ–ಮರಾಠಿ–ಕನ್ನಡ ಮೂರೂ ಬಲ್ಲ ಊರಿನ ಹುಡುಗರು, ಒಂದು ರೆಕಾರ್ಡರ್, ಒಂದು ರಿಜಿಸ್ಟರ್ ಸಾಕು. ಅಣೆಕಟ್ಟು ಮುಗಿದ ವರ್ಷ ನಲವತ್ತು ದಾಟಿದ್ದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಈ ಬೇಸಿಗೆಯ ರಜೆಯಲ್ಲೇ ಶುರು ಮಾಡಬಹುದು.